ಒಂದು ಬಿಂದುವಿನ ಮೂಲಕ ಹೋಗುವ ಲಂಬ ರೇಖೆಯ ಸಮೀಕರಣ ಬರೆಯುವುದು ಹೇಗೆ?

2ಎಕ್ಸ್ + 3ವೈ = 12 ರೇಖೆಗೆ ಲಂಬವಾಗಿ, (4, 5) ಬಿಂದುವಿನ ಮೂಲಕ ಹೋಗುವ ರೇಖೆ ಯಾವುದು, ಎರಡೂ ರೇಖೆಗಳ ಸ್ಲೋಪ್ (ಇಳಿಜಾರು: ಮೇಲೆ-ಕೆಳಗೆ ಸರಿದದ್ದನ್ನು ಬಲಕ್ಕೆ ಸರಿದದ್ದರಿಂದ ಭಾಗಿಸಿದ್ದು) ಗುಣಿಸಿದರೆ −1 ಯಾಕೆ ಬರಬೇಕು ಅಂತ ಕೇಳಿದ್ದೀರಿ. ಎರಡನೇ ಪ್ರಶ್ನೆ ತುಂಬಾ ಒಳ್ಳೆಯದು. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ.

ವಿಜಯಪುರದಲ್ಲಿ ನಮ್ಮ ಮನೆಯ ಪಡಸಾಲೆಗೆ ಚೌಕ ಚೌಕ ಶಹಾಬಾದ್ ಫರಸಿ ಹಾಸಿದೆ. ಪಿಯುಸಿ ಮೊದಲ ವರ್ಷ ಓದುವ ಅಕ್ಕನ ಮಗಳೂ ಇದನ್ನೇ ಕೇಳಿದ್ದಳು. ಕಲ್ಲಿನ ಸಂದುಗಳೇ ಗ್ರಾಫ್ ಗೆರೆ ಅಂದುಕೊಂಡು, ಸೀಮೆಸುಣ್ಣದಿಂದ ನೆಲದ ಮೇಲೆ ಇದೇ ರೇಖೆ ಎಳೆದೆವು. ಅದು (0, 4)ರಿಂದ (3, 2)ಕ್ಕೆ ಹೋಗುತ್ತದೆ. ಅಂದರೆ ಮೂರು ಕಲ್ಲು ಬಲಕ್ಕೆ, ಎರಡು ಕಲ್ಲು ಕೆಳಕ್ಕೆ. ಸ್ಲೋಪ್ −2/3.

ಅವಳನ್ನು (0, 4)ರಲ್ಲಿ ಬಲಕ್ಕೆ, ಎಕ್ಸ್ ಹೆಚ್ಚುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದೆ. "ಮೂರು ಕಲ್ಲು ಮುಂದೆ ಹೋಗು, ಎರಡು ಕಲ್ಲು ಬಲಗೈ ಕಡೆ ಸರಿ." ರೇಖೆಯ ಮೇಲೇ ಬಂದು ನಿಂತಳು. ಮತ್ತೆ ಹೊರಟಲ್ಲಿಗೇ ಕರೆದು, ಎಡಕ್ಕೆ ಕಾಲು ಸುತ್ತು ತಿರುಗಿಸಿ, ಅದೇ ಮಾತು ಹೇಳಿದೆ. ಈಗ "ಮುಂದೆ" ಅಂದರೆ ಮೇಲಕ್ಕೆ, "ಬಲಗೈ" ಅಂದರೆ ಬಲಕ್ಕೆ. ಹೋಗಿ ನಿಂತದ್ದು ಎರಡು ಬಲಕ್ಕೆ, ಮೂರು ಮೇಲಕ್ಕೆ. ಸ್ಲೋಪ್ 3/2!

ನಡಿಗೆ ಅದೇ, ಮುಖ ಮಾತ್ರ 90 ಡಿಗ್ರಿ ತಿರುಗಿತು. ಅದಕ್ಕೇ ಅಂಕಿಗಳು ಅದಲು ಬದಲಾಗುತ್ತವೆ, ಒಂದರ ಚಿಹ್ನೆಯೂ ಬದಲಾಗುತ್ತದೆ. −2/3 ಮತ್ತು 3/2 ಗುಣಿಸಿ, −1 ತಾನಾಗೇ ಬರುತ್ತದೆ.

ಇನ್ನು ಲೆಕ್ಕ. ವೈ − 5 = (3/2)(ಎಕ್ಸ್ − 4) ಅಂತ ಬರೆದು ಬಿಡಿಸಿದರೆ 3ಎಕ್ಸ್ − 2ವೈ = 2.

ನನಗೆ ಭಿನ್ನರಾಶಿ ಇಲ್ಲದ ದಾರಿ ಜಾಸ್ತಿ ಇಷ್ಟ. 2, 3 ಅದಲು ಬದಲು ಮಾಡಿ, ಒಂದು ಚಿಹ್ನೆ ಬದಲಿಸಿ, 3ಎಕ್ಸ್ − 2ವೈ ಬರೆಯಿರಿ. ಅದರಲ್ಲಿ (4, 5) ಹಾಕಿ: 12 − 10 = 2. ಬಲಗಡೆ ಬರಬೇಕಾದ್ದು ಈ 2. ತುಂಬಾ ಮಕ್ಕಳು ಇಲ್ಲಿ ಹಳೇ 12 ಅನ್ನೇ ಸುಮ್ನೆ ಇಟ್ಟುಬಿಡುತ್ತಾರೆ. ಆಗ ರೇಖೆ ಲಂಬವಾಗೇನೋ ಇರುತ್ತದೆ, ಆದರೆ ನಿಮ್ಮ ಬಿಂದುವನ್ನು ಮುಟ್ಟುವುದಿಲ್ಲ.

ಒಂದು ಕಡೆ ಮಾತ್ರ −1 ಸೂತ್ರ ನಡೆಯುವುದಿಲ್ಲ. ಕೊಟ್ಟ ರೇಖೆ ವೈ = 3 ಅಂತಿದ್ದರೆ ಸ್ಲೋಪ್ ಸೊನ್ನೆ, ಅದನ್ನು ತಿರುವಿ ಹಾಕಲು ಬರುವುದಿಲ್ಲ ಅಲ್ವಾ? ಫರಸಿ ಮೇಲೆ ನಡೆದರೆ ತೊಂದರೆಯೇ ಇಲ್ಲ: ಮೂರು ಕಲ್ಲು ಮುಂದೆ, ಬಲಗೈ ಕಡೆ ಏನೂ ಇಲ್ಲ. ತಿರುಗಿ ನಡೆದರೆ ನೆಟ್ಟಗೆ ಮೇಲಕ್ಕೆ. (4, 5)ರ ಮೂಲಕ ಹಾಗೆ ಹೋಗುವ ರೇಖೆ ಎಕ್ಸ್ = 4.