ಬಹುಮಾನ ತಡವಾಗಿ ಸಿಕ್ಕರೆ ಪ್ರಾಣಿಗಳ ಕಲಿಕೆಗೆ ಏನಾಗುತ್ತದೆ?

ಕಲಿಕೆ ನಿಧಾನವಾಗುತ್ತದೆ, ಕೆಲವೊಮ್ಮೆ ತಪ್ಪು ಪಾಠವೇ ತಲೆಗೆ ಹೋಗುತ್ತದೆ. ನಾಯಿಗೆ ‘ಕೂತ್ಕೋ’ ಅಂದಿರಿ, ಕೂತಿತು. ನೀವು ಜೇಬಲ್ಲಿ ತಿಂಡಿ ತಡಕಾಡುವಷ್ಟರಲ್ಲಿ ಎದ್ದು ಮೈಮೇಲೆ ಹಾರಿತು. ಆಗ ತಿಂಡಿ ಕೊಟ್ಟರೆ ಅದು ಕಲಿಯುವುದು ಹಾರುವುದನ್ನು!

1948ರಲ್ಲಿ ಮನೋವಿಜ್ಞಾನಿ ಗ್ರೈಸ್ ಇಲಿಗಳಿಗೆ ಕಪ್ಪು-ಬಿಳುಪಿನ ನಡುವೆ ಆರಿಸುವುದನ್ನು ಕಲಿಸಿದರು. ಆಹಾರ ಬರೀ 5 ಸೆಕೆಂಡ್ ತಡವಾದರೂ ಕಲಿಕೆ ವಿಪರೀತ ನಿಧಾನವಾಯಿತು.

ತರಬೇತುದಾರರು ಕ್ಲಿಕ್ಕರ್ (ಒತ್ತಿದರೆ ‘ಟಿಕ್’ ಅನ್ನುವ ಪುಟ್ಟ ಸಾಧನ) ಬಳಸುವುದು ಇದಕ್ಕೇ. ಸರಿಯಾಗಿ ಮಾಡಿದ ಕ್ಷಣಕ್ಕೇ ‘ಟಿಕ್’, ತಿಂಡಿ ಸ್ವಲ್ಪ ಆಮೇಲೆ. ಆದರೆ ಟಿಕ್ ಅಂದರೆ ತಿಂಡಿ ಅಂತ ಮೊದಲೇ ರೂಢಿಯಾಗಿರಬೇಕು. ಸುಮ್ನೆ ಒತ್ತಿದರೆ ಪ್ರಯೋಜನವಿಲ್ಲ.

ರುಚಿಯ ಕಥೆ ಮಾತ್ರ ಬೇರೆ. ತಿಂದು ಗಂಟೆಗಳಾದ ಮೇಲೆ ಹೊಟ್ಟೆ ಕೆಟ್ಟರೂ ಇಲಿ ಆ ರುಚಿಯಿಂದ ದೂರ ಸರಿಯುತ್ತದೆ. ವಿಷ ಏರುವುದೇ ತಡವಾಗಿ, ಅಲ್ವಾ?