ಬ್ರೌನ್ ಬೆಲ್ಟ್ ಇದ್ದರೂ ಹಿಡಿತ ಬಿಡಿಸಿಕೊಳ್ಳಲು ಆಗಲಿಲ್ಲವೇಕೆ?

ಪ್ರಶ್ನೆ: ಪಿಯುಸಿ ಮೊದಲ ವರ್ಷದಲ್ಲಿರುವ ನನ್ನ ಮಗಳು ನಾಲ್ಕು ವರ್ಷಗಳಿಂದ ಶೋಟೊಕಾನ್ ಕರಾಟೆ ಕಲಿಯುತ್ತಿದ್ದು, ಈಗ ಬ್ಲ್ಯಾಕ್ ಬೆಲ್ಟ್‌ಗೆ ಹಿಂದಿನ ಹಂತವಾದ ಬ್ರೌನ್ ಬೆಲ್ಟ್ ಪಡೆದಿದ್ದಾಳೆ. ಕಳೆದ ತಿಂಗಳು, ಗರಡಿಗೆ ಹೋಗುವ ಅವಳ ದೊಡ್ಡಪ್ಪನ ಮಗ ಆಟಕ್ಕೆಂದು ಹಿಂದಿನಿಂದ ಬಿಗಿಯಾಗಿ ಹಿಡಿದಾಗ ಬಿಡಿಸಿಕೊಳ್ಳಲಾಗದೆ ಅತ್ತುಬಿಟ್ಟಳು. ಟ್ಯೂಷನ್ ಮುಗಿಸಿ ಸಂಜೆ ಒಬ್ಬಳೇ ಬರುತ್ತಾಳೆಂದೇ ಅವಳನ್ನು ಕರಾಟೆಗೆ ಸೇರಿಸಿದ್ದೆವು. ನಿಜವಾದ ಹೊಡೆದಾಟಕ್ಕೆ ಈ ವಿದ್ಯೆ ಬರುವುದಿಲ್ಲವೇ? ಕ್ಲಾಸ್ ಬಿಡಿಸಬೇಕೇ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ನಾಲ್ಕು ವರ್ಷಗಳಲ್ಲಿ ಅವಳನ್ನು ಯಾರೂ ಬಲವಾಗಿ ಹಿಡಿದಿರಲಿಲ್ಲ, ಹಾಗಾಗಿ ಬಿಡಿಸಿಕೊಳ್ಳಲು ಆಗಲಿಲ್ಲ. ಇದನ್ನು ಮೊದಲು ಅವಳಿಗೆ ತಿಳಿಸಿ ಹೇಳಿ. ಆ ಅಳುವಿನ ಹಿಂದೆ ಅವಮಾನವಿದೆ, ಅದು ಅವಳಿಗೆ ಸಲ್ಲುವಂಥದ್ದಲ್ಲ.

ಇಂದಿನ ಕ್ಲಾಸುಗಳ ಸ್ವರೂಪಕ್ಕೆ ಒಂದು ಹಿನ್ನೆಲೆಯಿದೆ. ಜಪಾನಿನ ಒಕಿನಾವಾದಲ್ಲಿ ಕರಾಟೆ ಗುರು ಆಂಕೊ ಇತೊಸು ಅವರು 20ನೇ ಶತಮಾನದ ಆರಂಭದಲ್ಲಿ ಕರಾಟೆಯನ್ನು ಶಾಲೆಗಳಿಗೆ ತಂದಾಗ ಮಕ್ಕಳ ದೇಹ ಗಟ್ಟಿಯಾಗಲಿ, ಶಿಸ್ತು ಬರಲಿ ಎಂಬುದು ಮುಖ್ಯ ಉದ್ದೇಶವಾಗಿತ್ತು. 1922ರಲ್ಲಿ ಶೋಟೊಕಾನ್ ಶೈಲಿಯ ಸ್ಥಾಪಕ ಗಿಚಿನ್ ಫುನಾಕೋಶಿ ಅದನ್ನು ಟೋಕಿಯೊದಲ್ಲಿ ಪ್ರದರ್ಶಿಸಿದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಸಾಲುಸಾಲಾಗಿ ನಿಂತು ಕಲಿಯುವ ಪದ್ಧತಿ ಬೆಳೆಯಿತು. ಆಮೇಲೆ ಅಂಕಗಳ ಪಂದ್ಯಗಳು ಬಂದವು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ ನಡೆದ 75 ಕೆ.ಜಿ.ಗೂ ಮೇಲಿನ ಪುರುಷರ ಫೈನಲ್‌ನಲ್ಲಿ 4–1ರಿಂದ ಮುಂದಿದ್ದ ಸೌದಿಯ ತಾರೆಗ್ ಹಮೆದಿ ತಲೆಗೆ ಒದ್ದು ಎದುರಾಳಿಯನ್ನು ಕೆಡವಿ ಅನರ್ಹರಾದರು. ಪ್ರಜ್ಞೆ ತಪ್ಪಿ ಬಿದ್ದಿದ್ದ ಇರಾನಿನ ಸಜ್ಜಾದ್ ಗಂಜ್‌ಜಾದೆಗೆ ಚಿನ್ನ ಸಂದಿತು. ಏಟಿನ ಬಲವನ್ನು ಹತೋಟಿಯಲ್ಲಿಡಬೇಕೆಂಬ ಆ ನಿಯಮ ಕ್ರೀಡೆಗೆ ಸರಿಯೇ. ಆದರೆ ತನ್ನ ಏಟನ್ನು ತಾಗುವ ಮುನ್ನವೇ ನಿಲ್ಲಿಸುವುದನ್ನು ರೂಢಿಸಿಕೊಂಡ ಹುಡುಗಿ, ಮೈಮೇಲೆ ಬಿದ್ದವನನ್ನು ಎದುರಿಸಲು ಅದೊಂದರಿಂದಲೇ ಸಿದ್ಧಳಾಗುವುದಿಲ್ಲ.

ಹಾಗಿದ್ದರೂ ಕ್ಲಾಸ್ ಬಿಡಿಸಬೇಡಿ, ಏಕೆಂದರೆ ಬೇಕಾದದ್ದು ಅವಳು ಕಲಿತ ಕಟಾದಲ್ಲಿಯೇ (ನಿಗದಿತ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿ) ಇದೆ. ಹೆಯಾನ್ ಶೋದಾನ್ ಎಂಬ ಕಟಾ ಮಾಡಲು ಹೇಳಿ. ಎರಡನೆಯ ಕೆಳ ಬ್ಲಾಕ್ (ಕೆಳಮೈಗೆ ಬರುವ ಏಟನ್ನು ಕೈಯಿಂದ ತಡೆಯುವುದು) ಆದ ಮೇಲೆ, ಮುಂದಿದ್ದ ಬಲಗಾಲನ್ನು ಹಿಂದಕ್ಕೆಳೆದುಕೊಳ್ಳುತ್ತ, ಬಲಗೈಯನ್ನು ಸುತ್ತಿಸಿ ಮುಷ್ಟಿಯ ಬದಿಯಿಂದ ಹೊಡೆಯುವ ಹಂತ ಬರುತ್ತದೆ. ಆಗ ಅವಳ ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿರಿ. ಬಳ್ಳಾರಿಯ ನನ್ನ ಕ್ಲಾಸಿನಲ್ಲಿ ಹೀಗೆ ಹಿಡಿದಾಗಲೆಲ್ಲ ಮಕ್ಕಳು ಮೊದಲು ಬರಿಯ ತೋಳಿನಿಂದ ಜಗ್ಗುತ್ತಾರೆ, ಮೊಣಕೈ ಮೈಯಿಂದ ದೂರ ಸರಿಯುತ್ತದೆ, ಕೈ ನನ್ನ ಹಿಡಿತದಲ್ಲೇ ಉಳಿಯುತ್ತದೆ. ಕಾಲಿನ ಜೊತೆಗೆ ಮೈಭಾರವೂ ಹಿಂದೆ ಸರಿದು, ಮಣಿಕಟ್ಟು ನನ್ನ ಹೆಬ್ಬೆರಳಿನ ಕಡೆಗೆ ತಿರುಗಿದಾಗ ಹಿಡಿತ ತಾನಾಗಿ ಸಡಿಲುತ್ತದೆ. ಅದು ಕೈಗೆ ತಿಳಿದ ಕ್ಷಣದಲ್ಲಿ ಅವರ ಮುಖ ಅರಳುವುದನ್ನು ನೋಡುವುದೇ ನನಗೆ ದೊಡ್ಡ ಸಂತೋಷ.

ಹಿಂದಿನಿಂದ ಹಿಡಿದಾಗ ಕಾಲು ಅಗಲಿಸಿ ಸೊಂಟ ತಗ್ಗಿಸಬೇಕು, ಹಿಮ್ಮಡಿಯಿಂದ ಪಾದ ತುಳಿಯಬೇಕು, ಒಂದು ಬೆರಳನ್ನು ಮಾತ್ರ ಹಿಡಿದು ಹಿಂದಕ್ಕೆ ಮಡಿಸಬೇಕು, ಜೊತೆಗೆ ಗಟ್ಟಿಯಾಗಿ ಕೂಗಬೇಕು. ತಲೆಬುರುಡೆಗೆ ಬರಿಮುಷ್ಟಿಯಿಂದ ಹೊಡೆದರೆ ಕಿರುಬೆರಳಿನ ಬುಡದ ಮೂಳೆ ಮುರಿಯುವ ಸಂಭವ ಹೆಚ್ಚು, ಆದ್ದರಿಂದ ಮುಖಕ್ಕೆ ಅಂಗೈಯ ಬುಡದಿಂದ ಹೊಡೆಯುವುದು ಮೇಲು. ಗಾಬರಿಯಲ್ಲಿ ಕೈ ನಡುಗುತ್ತದೆ, ನಾಜೂಕಿನ ಪಟ್ಟುಗಳು ಮರೆತುಹೋಗುತ್ತವೆ. ನೂರಾರು ಸಲ ಮಾಡಿದ ಸರಳ ಚಲನೆಗಳು ಮಾತ್ರ ನೆನಪಿಗೆ ಬರುತ್ತವೆ.

ಮಾಸ್ಟರ್ ಅವರನ್ನು ಕಂಡು, ಪಟ್ಟುಬಿಡದೆ ಹಿಡಿಯುವ ಜೊತೆಗಾರರೊಂದಿಗೆ ವಾರಕ್ಕೆರಡು ದಿನ ಅಭ್ಯಾಸ ಮಾಡಿಸಲು ಕೇಳಿ. ಅವರು ಒಪ್ಪದಿದ್ದರೆ ಮಾತ್ರ ಬೇರೆ ಕ್ಲಾಸ್ ಹುಡುಕಿ. ಮಗಳು ಒಪ್ಪಿದರೆ ಆ ಅಣ್ಣನೇ ಒಳ್ಳೆಯ ಜೊತೆಗಾರನಾಗಬಲ್ಲ. ಅವನು ಅರ್ಧ ಬಲದಿಂದ ಆರಂಭಿಸಲಿ, ಅವಳು ‘ಬಿಡು’ ಎಂದ ಕೂಡಲೇ ಬಿಡಲಿ.

ಕಾನೂನಿನ ಒಂದು ಮಾತು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ, ಆದರೆ ಅಗತ್ಯಕ್ಕಿಂತ ಹೆಚ್ಚು ಬಲ ಬಳಸುವಂತಿಲ್ಲ. ಆದ್ದರಿಂದ ಹಿಡಿತ ತಪ್ಪಿದೊಡನೆ ಜನರಿರುವ ಕಡೆಗೆ ಓಡಿ 112ಕ್ಕೆ ಕರೆ ಮಾಡುವುದನ್ನೂ ಅಭ್ಯಾಸದಲ್ಲಿ ಸೇರಿಸಿ, ಬರಿಗಾಲಲ್ಲಿ ಅಲ್ಲ, ಟ್ಯೂಷನ್‌ಗೆ ಹೋಗುವ ಚಪ್ಪಲಿ, ದುಪಟ್ಟಾ, ಪುಸ್ತಕ ತುಂಬಿದ ಬ್ಯಾಗ್ ಸಮೇತ.