ನಿದ್ದೆ ಕೆಡಿಸಿದ್ದು ಬನ್ನಿ ಎಲೆಯೋ, ಪಿಗ್ಮಿ ಪುಸ್ತಕವೋ?

(ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಗುರುತು ಬದಲಿಸಿದ್ದೇನೆ.)

ನವೆಂಬರ್ ಮೊದಲ ವಾರ ಪ್ರೇಮಾ ಆಪ್ತಸಲಹೆಗೆ ನನ್ನ ಹತ್ತಿರ ಬಂದಳು. ವಯಸ್ಸು 26. ಬಾಗಲಕೋಟೆಯ ನವನಗರದಲ್ಲಿ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕ್ಯಾಶಿಯರ್. ಊರು ಗುಳೇದಗುಡ್ಡದ ಕಡೆ. ಅಜ್ಜ ಖಣ ನೇಯುತ್ತಿದ್ದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅದೇ ಶತಮಾನದಲ್ಲಿ ಗುಳೇದಗುಡ್ಡಕ್ಕೂ ಬಂದಿತ್ತು. ಆ ಕಾಲದಿಂದ ಇವರ ಮನೆಯವರು ಕ್ರೈಸ್ತರು.

"ಅಕ್ಕಾರ, ನಿದ್ದಿ ಬರವಲ್ದು. ನಾ ಕರ್ತನಿಗೆ ತಪ್ಪು ಮಾಡೇನಿ ಅನಸ್ತೈತಿ" ಅಂದಳು.

ಏನಾಯಿತು ಅಂತ ಕೇಳಿದೆ. ದಸರೆಯ ಕತೆ ಹೇಳಿದಳು. ಆಯುಧಪೂಜೆಯ ದಿನ ಆಫೀಸಿನಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಆರತಿ ಮಾಡಿದರು. ಇವಳ ಸರದಿ ಬಂತು. ಬೇಡ ಅನ್ನೋಕೆ ಬಾಯಿ ಬರಲಿಲ್ಲ, ತಟ್ಟೆ ಹಿಡಿದಳು. ರಾತ್ರಿಯೆಲ್ಲ ಅತ್ತಳು. ಮರುದಿನ ಸಂಜೆ ಹಿರಿಯ ಗುಮಾಸ್ತರು ಮನೆಗೆ ಬಂದು ಬನ್ನಿ ಎಲೆ ಕೊಟ್ಟರು. "ಬನ್ನಿ ತಗೊಂಡು ಬಂಗಾರದಂಗ ಇರೋಣ ತಂಗಿ" ಅಂದರು. ಹಿಂದಿನ ದಿನದ ನೋವು ಇನ್ನೂ ಹಸಿಯಾಗಿತ್ತು. ಇವಳು ಕೈ ಹಿಂದೆ ಕಟ್ಟಿಕೊಂಡಳು. ಇವಳಿಗೆ ಕೆಲಸ ಕಲಿಸಿದವರೇ ಅವರು. ಎಲೆಯನ್ನು ಜೇಬಿಗೆ ಹಾಕಿಕೊಂಡು ಸುಮ್ನೆ ಹೋದರಂತೆ.

ಒಂದು ದಿನ ದೇವರಿಗೆ ತಪ್ಪಿದೆ, ಇನ್ನೊಂದು ದಿನ ಮನುಷ್ಯನಿಗೆ ತಪ್ಪಿದೆ. ಇದು ಅವಳ ಸಂಕಟ. ನೌಕರಿ ಬಿಟ್ಟು ಚರ್ಚಿನ ಶಾಲೆಯಲ್ಲೇ ಎಲ್ಲಾದರೂ ಸೇರಿಕೊಳ್ಳಲಾ ಅಂತಲೂ ಕೇಳಿದಳು.

ನಾನೂ ಚರ್ಚಿಗೆ ಹೋಗುವವಳೇ. ಆದರೆ ಎದುರಿಗೆ ಕೂತವರಿಗೆ ಬೋಧನೆ ಮಾಡೋದು ನನ್ನ ಕೆಲಸ ಅಲ್ಲ. ನಾನು ಎಲ್ಲರಿಗೂ ಕೇಳುವ ಮಾಮೂಲು ಪ್ರಶ್ನೆ ಕೇಳಿದೆ. ನಿದ್ದೆ ಕೆಟ್ಟಿದ್ದು ಯಾವಾಗಿನಿಂದ? ಪ್ರೇಮಾ ಬೆರಳು ಎಣಿಸಿದಳು. "ಶ್ರಾವಣದಾಗ ಸುರು ಆತು."

ದಸರೆ ಬಂದಿದ್ದು ಅದಾದ ಮೇಲೆ ಅಲ್ವಾ? ಆರತಿಗೆ ಎರಡು ತಿಂಗಳು ಮುಂಚೆಯೇ ನಿದ್ದೆ ಹೋಗಿತ್ತು. ಶ್ರಾವಣದಲ್ಲಿ ಏನಾಯಿತು ಅಂದಾಗ ಬಹಳ ಹೊತ್ತು ಮಾತಾಡಲಿಲ್ಲ. ಬ್ಯಾಗಿನ ಜಿಪ್ ತೆಗೆಯೋದು, ಹಾಕೋದು ಮಾಡುತ್ತ ಕೂತಳು. ಆಮೇಲೆ ಹೇಳಿದಳು.

ಅವರ ಸಂಘದಲ್ಲಿ ಪಿಗ್ಮಿ ಇದೆ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಹಣ ಕಟ್ಟುವ ಉಳಿತಾಯ. ಏಜೆಂಟ್ ದಿನಾ ಅಂಗಡಿ ಅಂಗಡಿಗೆ ಹೋಗಿ ಹತ್ತು, ಐವತ್ತು ರೂಪಾಯಿ ವಸೂಲಿ ಮಾಡಿ ಸಂಜೆ ಕಟ್ಟಬೇಕು. ನಮ್ಮ ರಾಜ್ಯದಲ್ಲಿ ಈ ಪದ್ಧತಿ ಬಹಳ ಹಳೆಯದು. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ಇದನ್ನು ಶುರು ಮಾಡಿದ್ದರು. ಇಡೀ ವ್ಯವಹಾರ ನಿಂತಿರೋದು ನಂಬಿಕೆಯ ಮೇಲೆ. ಈ ಏಜೆಂಟ್ ಸೋಮವಾರದ ಹಣ ಗುರುವಾರ ತರುತ್ತಿದ್ದ. ಅವನ ಮಗು ಆಸ್ಪತ್ರೆಯಲ್ಲಿತ್ತು. "ಗುರುವಾರ ವಸೂಲಿ ಅಂತ ಬರಕೊಂಡು ಸಹಿ ಮಾಡವಾ, ಹೊಂದಿಸ್ಕೊ" ಅಂತ ಮ್ಯಾನೇಜರ್ ಹೇಳಿದರು. ಪ್ರೇಮಾ ಹಾಗೇ ಸಹಿ ಹಾಕುತ್ತ ಹೋದಳು. ಒಟ್ಟು ಹನ್ನೊಂದು ಸಲ.

ಒಂದು ಬುಧವಾರ ಕಾಯಿಪಲ್ಯ ಮಾರುವ ಅಜ್ಜಿ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪಾಸ್‌ಬುಕ್, ಅಂಚಿಗೆ ಅರಿಶಿನದ ಕಲೆ. ಪುಸ್ತಕದಲ್ಲಿ ಸೋಮವಾರ, ಮಂಗಳವಾರ ಐವತ್ತು ಐವತ್ತು ಬರೆದಿತ್ತು. ಆಫೀಸಿನ ಲೆಕ್ಕದಲ್ಲಿ ಅದು ಇರಲಿಲ್ಲ. "ಸರ್ವರ್ ಡೌನ್ ಐತಿ ಆಯಿ, ನಾಡದು ಬರ್ರಿ" ಅಂದಳು ಪ್ರೇಮಾ. ಅಜ್ಜಿ ಪುಸ್ತಕ ಸುತ್ತಿಕೊಂಡು "ಆತು ಬಿಡವ್ವಾ, ನೀ ಅದೀಯಲ್ಲ" ಅಂದು ಹೋದರು.

ಈ ಮಾತು ಹೇಳುವಾಗ ಅವಳ ಧ್ವನಿ ನಿಂತೇ ಹೋಯಿತು. ದಸರೆಯ ಬಗ್ಗೆ ಹೇಳುವಾಗ ಹಾಗಾಗಿರಲಿಲ್ಲ.

ಇದನ್ನು ಯಾಕೆ ಮೊದಲೇ ಹೇಳಲಿಲ್ಲ ಅಂದರೆ, "ಇದು ಆಫೀಸಿನ ವಿಷಯ ಅಲ್ಲೇನ್ರಿ? ನಂಬಿಕಿ ವಿಷಯ ಅಂದ್ರ ಪೂಜಿ, ಪ್ರಸಾದ" ಅಂದಳು. ನನ್ನ ಹತ್ತಿರ ಬರುವ ವಿಶ್ವಾಸಿಗಳಲ್ಲಿ ಇದನ್ನು ಜಾಸ್ತಿ ನೋಡುತ್ತೇನೆ. ಹಬ್ಬದ ದಿನ ಎಲ್ಲಿ ನಿಲ್ಲಬೇಕು ಅಂತ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಉಳಿದ ದಿನಗಳ ಲೆಕ್ಕದ ಪುಸ್ತಕ ದೇವರಿಗೆ ಸಂಬಂಧವೇ ಇಲ್ಲ ಅನ್ನುವ ಹಾಗೆ ಬದುಕುತ್ತಾರೆ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅನ್ನುವ ಮಾತು ಬೈಬಲಿನ ಜ್ಞಾನೋಕ್ತಿ ಪುಸ್ತಕದ 11ನೇ ಅಧ್ಯಾಯದ ಮೊದಲ ವಚನದಲ್ಲೇ ಇದೆ. ಪ್ರೇಮಾಗೆ ಅದು ಬಾಯಿಪಾಠವೂ ಇತ್ತು.

ಬೈಬಲಿನ ದಾನಿಯೇಲನ ಮಾತು ಎತ್ತಿದ್ದು ಅವಳೇ. "ಅಂವಾ ರಾಜನ ಊಟ ಬ್ಯಾಡ ಅಂದ, ನನಗ ಧೈರ್ಯ ಇಲ್ಲ" ಅಂದಳು. ಹಾಗಾದರೆ ಆ ಕತೆಯನ್ನು ಪೂರ್ತಿ ನೋಡೋಣ ಅಂದೆ. ಬಾಬೆಲಿಗೆ ಸೆರೆಯಾಗಿ ಹೋದ ದಾನಿಯೇಲ ಅಲ್ಲಿನ ಭಾಷೆ ಕಲಿತ. ಅವರಿಟ್ಟ ಹೆಸರನ್ನೂ ಒಪ್ಪಿದ. ಅರಮನೆಯ ನೌಕರಿ ಬಿಡಲಿಲ್ಲ. ಊಟದ ವಿಷಯಕ್ಕೆ ಮಾತ್ರ ಗೆರೆ ಎಳೆದ. ಅದನ್ನೂ ಜಗಳ ಮಾಡಿ ಅಲ್ಲ, ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ ಅಂತ ಮೇಲಿನವರನ್ನು ಮೊದಲೇ ಕೇಳಿಕೊಂಡ. ಪ್ರೇಮಾ ಇದನ್ನು ಬರೆದುಕೊಂಡಳು.

ಆರತಿಯ ಬಗ್ಗೆ ನಾನು ಹೇಳಿದ್ದು ಇಷ್ಟೇ. ಆ ಕ್ಷಣದಲ್ಲಿ ತಟ್ಟೆ ಮುಂದೆ ನಿಂತು ನಿರ್ಧಾರ ಮಾಡಬೇಡ. ವಾರ ಮುಂಚೆ ಹಿರಿಯರೊಬ್ಬರಿಗೆ ಒಬ್ಬಳೇ ಹೋಗಿ ಹೇಳು: ಆಫೀಸ್ ತೊಳೆಯೋದು, ಹೂ ತರೋದು ನನಗಿರಲಿ, ಆರತಿ ಒಂದು ಬಿಡಿ. ಸಂವಿಧಾನದ 25ನೇ ವಿಧಿ ಬರೆದು ಕಾಗದ ಕೊಡಬೇಕು ಅಂತ ಅವಳ ಅಣ್ಣ ಹೇಳಿದ್ದನಂತೆ. ಮನಸ್ಸಾಕ್ಷಿಯ ಸ್ವಾತಂತ್ರ್ಯ ದೊಡ್ಡದು, ನಿಜ. ಆದರೆ ಯಾರೂ ಒತ್ತಾಯ ಮಾಡಿರದ ಜಾಗದಲ್ಲಿ ಮೊದಲು ಬಾಯಿಮಾತು ಸಾಕು. ಬನ್ನಿ ತಗೋಬೇಕೋ ಬೇಡವೋ ಅನ್ನೋದನ್ನು ನಾನು ತೀರ್ಮಾನಿಸಲಿಲ್ಲ. ನಿಮ್ಮ ಸಭಾಪಾಲಕರನ್ನು ಕೇಳು, ಮನೆಯಲ್ಲಿ ಹಿಂದಿನವರು ಏನು ಮಾಡುತ್ತಿದ್ದರು ಕೇಳು ಅಂದೆ. ಅವಳ ಅಜ್ಜಿ ಬನ್ನಿ ತಗೊಂಡು ಕ್ರಿಸ್‌ಮಸ್‌ಗೆ ಅದೇ ಮನೆಗಳಿಗೆ ಕರ್ಚಿಕಾಯಿ ಕಳಿಸುತ್ತಿದ್ದರಂತೆ. ಅಮ್ಮ ತಗೋತಿರಲಿಲ್ಲ, ಆದರೆ ಕರ್ಚಿಕಾಯಿ ಕಳಿಸೋದು ಬಿಟ್ಟಿರಲಿಲ್ಲ.

ಪಿಗ್ಮಿಯ ವಿಷಯದಲ್ಲಿ ನಾನು ಅಷ್ಟು ಮೆತ್ತಗೆ ಇರಲಿಲ್ಲ. ನಾಳೆಯಿಂದಲೇ ನಿಜವಾದ ತಾರೀಖು ಬರಿ ಅಂದೆ. ಮ್ಯಾನೇಜರ್ ಹತ್ತಿರ ಒಂದೇ ವಾಕ್ಯ: "ಇನ್ನು ಮುಂದ ಹಂಗ ಬರಿಯಾಕ ನನಗ ಆಗೂದಿಲ್ರಿ ಸರ್." ಏಜೆಂಟನ ಮೇಲೆ ದೂರು ಹೇಳಬೇಡ, ಬೈಬಲ್ ವಚನ ಹೇಳಬೇಡ. ಅವನಿಗೆ ಹಣದ ಕಷ್ಟ ಇದ್ದರೆ ಸಂಘದಿಂದಲೇ ಸಾಲ ಸಿಗುತ್ತದಾ ನೋಡಿ ಅಂತ ಕೇಳು. ಹನ್ನೊಂದು ನಮೂದುಗಳನ್ನು ತಾರೀಖು ಸಮೇತ ಪಟ್ಟಿ ಮಾಡು. ಸಹಿ ನಿನ್ನದಾದ್ದರಿಂದ ವಕೀಲರೊಬ್ಬರಿಗೆ ತೋರಿಸಿ, ಆಮೇಲೆ ಬರವಣಿಗೆಯಲ್ಲಿ ಕೊಡು. ರಾತ್ರಿ ಒಂದು ಗಂಟೆವರೆಗೆ ಮೊಬೈಲಿನಲ್ಲಿ ನರಕದ ಪ್ರಸಂಗ ಕೇಳುತ್ತಿದ್ದಳು, ಅದನ್ನೂ ನಿಲ್ಲಿಸಲು ಹೇಳಿದೆ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಡಾಕ್ಟರ್ ಹತ್ತಿರ ಹೋಗೋಣ, ಅವೇಳೆಯಲ್ಲಿ ತಡೆಯಲಾರದಷ್ಟು ಸಂಕಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು ಅಂದೆ.

ಜನವರಿಯಲ್ಲಿ ಮೂರನೇ ಸಲ ಬಂದಳು. ಮ್ಯಾನೇಜರ್ ಇವಳನ್ನು ಕೌಂಟರಿನಿಂದ ತೆಗೆದು ಸಾಲದ ವಿಭಾಗಕ್ಕೆ ಹಾಕಿದ್ದಾರೆ. ಏಜೆಂಟ್ ಮಾತು ಬಿಟ್ಟಿದ್ದಾನೆ. ಒಳ್ಳೆಯದು ಮಾಡಿದರೂ ಹೀಗಾಯಿತಲ್ಲ ಅಂತ ನನಗೇ ಬೇಜಾರಾಯಿತು. ಆದರೆ ಪ್ರೇಮಾ ಮಲಗಿದರೆ ಆರು ತಾಸು ಎಚ್ಚರ ಆಗೋದಿಲ್ಲ ಅಂದಳು. ಕ್ರಿಸ್‌ಮಸ್‌ಗೆ ಗುಮಾಸ್ತರ ಮನೆಗೆ ಕರ್ಚಿಕಾಯಿ ಒಯ್ದು, ಅವತ್ತು ಕೈ ಹಿಂದೆ ಕಟ್ಟಿದ್ದಕ್ಕೆ ಕ್ಷಮೆ ಕೇಳಿ ಬಂದಿದ್ದಾಳೆ. ಸಂತೆಗೆ ಹೋಗಿ ಅಜ್ಜಿಗೆ "ಅವತ್ತು ಸರ್ವರ್ ಡೌನ್ ಇರಲಿಲ್ಲ ಆಯಿ" ಅಂತಲೂ ಹೇಳಿದ್ದಾಳೆ. ಅಜ್ಜಿ ಮೊದಲು ಕೇಳಿದ್ದು "ನನ್ನ ರೊಕ್ಕ ಅದಾವಿಲ್ಲೋ?" ಅಂತ. ಇವೆ ಅಂತ ಪುಸ್ತಕದಲ್ಲಿ ತೋರಿಸಿದಳಂತೆ.

ಹನ್ನೊಂದು ನಮೂದುಗಳ ಕಾಗದ ಇನ್ನೂ ಕೊಟ್ಟಿಲ್ಲ. ವಕೀಲರು ನೋಡಿದ್ದಾರೆ, ಅದು ಅವಳ ಬ್ಯಾಗಿನಲ್ಲೇ ಇದೆ. ಮುಂದಿನ ಗುರುವಾರ ಕೊಟ್ಟು, ಸೀದಾ ನನ್ನ ಹತ್ತಿರ ಬರುತ್ತೇನೆ ಅಂದಿದ್ದಾಳೆ.